ಪ್ರೋಗ್ರಾಮ್ ಸತ್ರ ಎಬ್ಬಿಸೋರು ಯಾರು? ಸಿಸ್ಟಮ್‌ಡಿ, ಸೂಪರ್‌ವೈಸರ್, ಪಿಎಂ2, ಡಾಕರ್, ಇಲ್ಲಾ ನೀವ ಬರೆಯೋ ಸರ್ವಿಸ್

ನಾಕೈದು ಮಂದಿ ಹೆಚ್ಚುಕಮ್ಮಿ ಒಂದ ಪ್ರಶ್ನೆನ ಬ್ಯಾರೆ ಬ್ಯಾರೆ ಥರ ಕೇಳ್ಯಾರ: ಸದಾ ಓಡಬೇಕಾದ ಪ್ರೋಗ್ರಾಮ್ ಸತ್ರ, ಅಂದ್ರ ನಡುವ ನಿಂತ್ರ, ತಾನ ಹೊಳ್ಳಿ ಚಾಲೂ ಆಗಾಕ ಏನ್ ಹಾಕಬೇಕು? ಒಬ್ಬೊಬ್ಬರಿಗೆ ಉತ್ತರ ಬರಕೋತ ಕುಂಡ್ರೋದಕ್ಕಿಂತ ಎಲ್ಲಾರಿಗೂ ಕೂಡಿ ಇಲ್ಲೇ ಹೇಳ್ತೀನಿ. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯವರೊಬ್ಬರದು ತೂಕದ ಮಷಿನ್‌ನಿಂದ ಸೀರಿಯಲ್ ಪೋರ್ಟ್ (ಅದರ ಕೇಬಲ್ ಕಂಪ್ಯೂಟರ್‌ಗೆ ಹಚ್ಚೋ ಜಾಗ) ಮ್ಯಾಲ ತೂಕ ಓದಿ ಸರ್ವರ್‌ಗೆ ಕಳಿಸೋ ಸಣ್ಣ ಪೈಥಾನ್ ಪ್ರೋಗ್ರಾಮ್, ಅದು ಆಗಾಗ ಸಾಯ್ತೈತಿ. ಹುಬ್ಬಳ್ಳಿ ಗೋಕುಲ ರೋಡಿನ ಮೂರು ಹುಡುಗರದು ನೋಡ್‌ಜೆಎಸ್ (ಸರ್ವರ್ ಮ್ಯಾಲ ಜಾವಾಸ್ಕ್ರಿಪ್ಟ್ ಓಡಿಸೋದು) ಎಪಿಐ, ಅಂದ್ರ ಬ್ಯಾರೆ ಆ್ಯಪ್‌ಗಳು ಕೇಳಿದ್ದಕ್ಕ ಉತ್ತರ ಕೊಡೋ ಪ್ರೋಗ್ರಾಮ್, ಒಂದ ಜಿಬಿ ರ್‍ಯಾಮ್ ಇರೋ ಬಾಡಿಗಿ ಸರ್ವರ್. ಧಾರವಾಡದಾಗ ಸಿಸಿಟಿವಿ ಹಾಕೋ ಅಣ್ಣಾ ಒಬ್ಬರಿಗೆ ಕ್ಯಾಮೆರಾಕ್ಕೊಂದು ಎಫ್‌ಎಫ್‌ಎಂಪೆಗ್ (ವಿಡಿಯೋ ಹಿಡಿಯೋ, ಬದಲಿಸೋ ಪ್ರೋಗ್ರಾಮ್) ಪ್ರೊಸೆಸ್, ಅಂದ್ರ ಆ ಪ್ರೋಗ್ರಾಮಿನ ಓಡಾಕತ್ತಿರೋ ಒಂದು ಕಾಪಿ, ಓಡಿಸಬೇಕು, ಕ್ಯಾಮೆರಾ ಕೂಡಿಸಿದಂಗ ಪ್ರೊಸೆಸ್ ಕೂಡಬೇಕು. ಗದಗಿನ ಪ್ರಿಂಟಿಂಗ್ ಪ್ರೆಸ್ಸಿನವರದು ವಿಂಡೋಸ್ ಮ್ಯಾಲ ಒಂದು ಫೋಲ್ಡರ್ ನೋಡಕೋತ ಇರೋ ಪ್ರೋಗ್ರಾಮ್. ಇವರ ಜೊತಿಗೆ ವಿದ್ಯಾನಗರದ ಫೈನಲ್ ಇಯರ್ ಹುಡುಗರು, "ಸರ, ಪ್ರೊಸೆಸ್ ಮ್ಯಾನೇಜರ್ ನಾವ ಬರೀತೀವಿ, ಪ್ರಾಜೆಕ್ಟ್‌ಗೆ ನಡೀತೈತೇನ್ರಿ" ಅಂತ ಕೇಳ್ಯಾರ. (ಪ್ರೋಗ್ರಾಮ್‌ಗಳನ್ನ ಚಾಲೂ ಮಾಡಿ, ಸತ್ರ ಎಬ್ಬಿಸಿ ನೋಡ್ಕೊಳ್ಳೋ ಪ್ರೋಗ್ರಾಮ್‌ಗೆ ಪ್ರೊಸೆಸ್ ಮ್ಯಾನೇಜರ್ ಅಂತಾರ.)

ನನ್ನ ಮಾತು ಮದಲ ಹೇಳಿಬಿಡ್ತೀನಿ, ಆಮ್ಯಾಲ ಕಾರಣ. ಇದರಾಗ ಎರಡು ಕೆಲಸ ಅದಾವ್ರಿ. ಯಾವ ಪ್ರೊಸೆಸ್ ಓಡಬೇಕು, ಎಷ್ಟು, ಯಾವಾಗ ಅನ್ನೋದು ಒಂದು. ಓಡೋದನ್ನ ಬೀಳದಂಗ ನೋಡ್ಕೊಳ್ಳೋದು ಇನ್ನೊಂದು. ಮದಲನೇದು ನಿಮ್ಮ ಧಂದೆಯ ವಿಷಯ, ಅದನ್ನ ನೀವ ಬರೀಬೇಕು, ಬ್ಯಾರೆಯವರು ಬರದುಕೊಡಾಕ ಬರಂಗಿಲ್ಲ. ಎರಡನೇದನ್ನ ಮಂದಿ ವರ್ಷಾನುಗಟ್ಟಲೆ ಪೆಟ್ಟು ತಿಂದು ಬರದಿಟ್ಟಾರ, ಅದನ್ನ ಹೊಳ್ಳಿ ಬರಿಯಾಕ ಹೋಗಬ್ಯಾಡ್ರಿ.

ಏನ್ ನೋಡಿ ಆರಿಸಬೇಕು

ಸತ್ರ ಎಬ್ಬಿಸ್ತೈತೇನು ಅಂತ ಎಲ್ಲಾರೂ ಕೇಳ್ತಾರ, ಆದ್ರ ಎಷ್ಟು ಸರ್ತಿ ಎಬ್ಬಿಸಿ ಕೈಬಿಡತೈತಿ ಅಂತ ಯಾರೂ ಕೇಳಂಗಿಲ್ಲ. ಕೋಡ್‌ನಾಗ ತಪ್ಪಿದ್ದರ ಸೆಕೆಂಡಿಗೆ ಹತ್ತು ಸರ್ತಿ ಎಬ್ಬಿಸಿದ್ರೂ ಅದು ಸಾಯೋದ, ಲಾಗ್ (ಪ್ರೋಗ್ರಾಮ್ ಬರೆಯೋ ದಾಖಲಿ) ತುಂಬಿ ಡಿಸ್ಕ್ ಅಷ್ಟ ಹೋಗತೈತಿ. ಅದೇ ನೆಟ್ ಬರದ್ದಕ್ಕ ಸತ್ತಿದ್ರ ಹತ್ತು ನಿಮಿಷ ಬಿಟ್ಟಾದ್ರೂ ಎಬ್ಬಿಸಲೇಬೇಕು. ಕರೆಂಟ್ ಹೋಗಿ ಬಂದಮ್ಯಾಲ ಯಾರೂ ಲಾಗಿನ್ ಆಗದ ತಾನ ಚಾಲೂ ಆಗತೈತೇನು ಅನ್ನೋದೂ ನೋಡ್ರಿ. (ಅದಕ್ಕೂ ಮದಲ ಮಷಿನ್ ತಾನ ಆನ್ ಆಗಬೇಕಲ್ಲ, ಮಷಿನ್‌ನ ಮೂಲ ಸೆಟ್ಟಿಂಗ್ ಇರೋ ಬಯಾಸ್ ಒಳಗ ಕರೆಂಟ್ ಬಂದಕೂಡ್ಲೇ ಆನ್ ಆಗೋ ಸೆಟ್ಟಿಂಗ್ ಇರತೈತಿ, ಭಾಳ ಮಷಿನ್‌ನಾಗ ಅದು ಆಫ್ ಇರತೈತಿ, ಕೆಳಗ ಹೇಳೋ ಯಾವ ಸಾಫ್ಟ್‌ವೇರೂ ಆ ಕೆಲಸ ಮಾಡಂಗಿಲ್ಲ.)

ಆಮ್ಯಾಲ ನಿಲ್ಲಿಸೋದು. ನಿಲ್ಲಿಸು ಅಂದ್ರ ಮದಲ ಸಿಗ್‌ಟರ್ಮ್ (ನಿಲ್ಲು ಅನ್ನೋ ಸಿಗ್ನಲ್) ಕಳಿಸಿ ಕೈಯಾಗಿನ ಕೆಲಸ ಮುಗಿಸಾಕ ಟೈಮ್ ಕೊಡಬೇಕು, ಕೇಳಲಿಲ್ಲ ಅಂದ್ರ ಸಿಗ್‌ಕಿಲ್ (ಒತ್ತಾಯಲೇ ಕೊಲ್ಲೋ ಸಿಗ್ನಲ್). ಅದು ಹುಟ್ಟಿಸಿದ ಮಕ್ಕಳು ಪ್ರೊಸೆಸ್‌ಗಳೂ ಕೂಡ ಹೋಗಬೇಕು, ಅವು ಉಳದ್ರ ಪೋರ್ಟ್ ಹಿಡಕೊಂಡು ಕುಂಡ್ರತಾವು. ಲಾಗ್ ಎಲ್ಲಿ ಬೀಳತೈತಿ, ಹಳೇದನ್ನ ಯಾರು ಅಳಸ್ತಾರ, ರ್‍ಯಾಮ್ ಎಷ್ಟು ತಿಂತೈತಿ ಅಂತನೂ ನೋಡಬೇಕು. ನಾನು ಎಲ್ಲಾಕ್ಕಿಂತ ಮ್ಯಾಲ ಇಡೋದು ಮಾತ್ರ ಬ್ಯಾರೆ ಒಂದನ್ನ: ಇದನ್ನ ಕುಂಡ್ರಿಸಿದ ಹುಡುಗ ನಾಳೆ ಬೆಂಗಳೂರಿಗೆ ಕೆಲಸಕ್ಕ ಹೋದ್ರ, ಅಂಗಡಿಯವರು ಫೋನ್ ಮ್ಯಾಲ ಯಾರನ್ನರ ಕೇಳಿ ರಿಪೇರಿ ಮಾಡಕೊಳ್ಳಾಕ ಬರತೈತೇನು?

ನೋಹಪ್, ಸ್ಕ್ರೀನ್, ಟಿಮಕ್ಸ್

ಇವು ಮ್ಯಾನೇಜರ್ ಅಲ್ರಿ. ಟರ್ಮಿನಲ್ ಮುಚ್ಚಿದ್ರೂ ಪ್ರೋಗ್ರಾಮ್ ಸಾಯದಂಗ ನೋಡ್ತಾವು, ತಾನ ಸತ್ರ ಎಬ್ಬಿಸಂಗಿಲ್ಲ, ರೀಬೂಟ್ ಆದ್ರ ಮುಗೀತು. ಟೆಸ್ಟಿಂಗ್‌ಗೆ ಚಲೋ. ಮುಂದ ಹೋಗೂಣು.

ಕ್ರಾನ್ ಜೊತಿಗೆ ಎಫ್‌ಲಾಕ್

ಮಂದಿ ಸಾಮಾನ್ಯ ಏನ್ ಮಾಡ್ತಾರಂದ್ರ, ನಿಮಿಷಕ್ಕೊಮ್ಮೆ ಓಡೋ ಕ್ರಾನ್ (ಹೇಳಿದ ಟೈಮ್‌ಗೆ ಕಮಾಂಡ್ ಓಡಿಸೋ ಲಿನಕ್ಸ್ ಸಾಧನ) ಹಾಕಿ ಪಿಗ್ರೆಪ್ ಕಮಾಂಡ್‌ಲೇ ಓಡೋ ಪ್ರೊಸೆಸ್‌ಗಳಾಗ ಪ್ರೋಗ್ರಾಮ್ ಹೆಸರು ಹುಡುಕೋದು, ಸಿಗಲಿಲ್ಲಂದ್ರ ಚಾಲೂ ಮಾಡೋದು. ಯಾರರ ಅದ ಹೆಸರಿನ ಫೈಲನ್ನ ಎಡಿಟರ್‌ನಾಗ ತೆರೆದಿಟ್ಟಿದ್ರ ಅದನ್ನ ನೋಡಿ "ಓಡಾಕತ್ತೈತಿ" ಅಂತ ಸುಮ್ಕ ಆಗಿಬಿಡತೈತಿ. ಪಿಐಡಿ (ಪ್ರೊಸೆಸ್‌ಗೆ ಲಿನಕ್ಸ್ ಕೊಡೋ ನಂಬರ್) ಬರದ ಫೈಲ್ ಇಟ್ಟರೂ ಭರೋಸಾ ಇಲ್ಲ, ಹಳೇ ನಂಬರ್ ಬ್ಯಾರೆ ಯಾವುದೋ ಪ್ರೊಸೆಸ್‌ಗೆ ಹೋಗಿರತೈತಿ, ಎಷ್ಟೋ ಹಳೇ ಲಿನಕ್ಸ್‌ನಾಗ ಈ ನಂಬರ್ 32768 ಮುಟ್ಟಿದ್ರ ಹೊಳ್ಳಿ ಕೆಳಗಿಂದ ಚಾಲೂ. ಅದರ ಬದಲಿ ಕ್ರಾನ್ ಸಾಲಿನಾಗ ಫೈಲಿಗೆ ಲಾಕ್ ಹಾಕೋ ಎಫ್‌ಲಾಕ್ ಕಮಾಂಡ್‌ಗೆ ಮೈನಸ್-ಎನ್ ಮತ್ತ ಒಂದು ಲಾಕ್ ಫೈಲಿನ ಹೆಸರು ಕೊಟ್ಟು ಅದರ ಮುಂದ ನಿಮ್ಮ ಪ್ರೋಗ್ರಾಮ್ ಬರೀರಿ. ಪ್ರೋಗ್ರಾಮ್ ಬದುಕಿದ್ರ ಲಾಕ್ ಸಿಗಂಗಿಲ್ಲ, ಹೊಸಾದು ಸುಮ್ಕ ಹೊರಗ ಹೋಗತೈತಿ, ಸತ್ತಿದ್ರ ಕರ್ನೆಲ್ (ಲಿನಕ್ಸ್‌ನ ತಿರುಳು) ತಾನ ಲಾಕ್ ಬಿಟ್ಟಿರತೈತಿ, ಹಂಗಾಗಿ ಮುಂದಿನ ನಿಮಿಷಕ್ಕ ಹೊಸಾದು ಏಳತೈತಿ. ಮಗ ಪ್ರೊಸೆಸ್ ಉಳದಿದ್ರ ಲಾಕ್ ಅದರ ಕೈಯಾಗ ಇರತೈತಿ ಅನ್ನೋದಷ್ಟ ನೆನಪಿರಲಿ. ರೂಟ್ (ಮಷಿನ್‌ನ ಪೂರಾ ಅಧಿಕಾರ) ಪಾಸ್‌ವರ್ಡ್ ಕೊಡದ ಶೇರ್ಡ್ ಹೋಸ್ಟಿಂಗ್‌ನಾಗ ಇದ್ದವರಿಗೆ, ಒಂದ ನಿಮಿಷ ಬಂದ್ ಬಿದ್ರೂ ನಡೀತೈತಿ ಅನ್ನೋರಿಗೆ ಇದು ಸಾಕ್ರಿ.

ಸಿಸ್ಟಮ್‌ಡಿ

ಲಿನಕ್ಸ್ ಬೂಟ್ ಆದಾಗ ಮದಲ ಎದ್ದು ಉಳದ ಸರ್ವಿಸ್‌ಗಳನ್ನ (ಹಿಂದ ಸದಾ ಓಡೋ ಪ್ರೋಗ್ರಾಮ್‌ಗಳನ್ನ) ಎಬ್ಬಿಸಿ ನೋಡ್ಕೊಳ್ಳೋದು ಇದು, 2010ರಾಗ ಬಂದದ್ದು. ಬಂದಾಗ ಭಾಳ ಮಂದಿ ಬೈದ್ರು, ಈಗೂ ಬೈತಾರ, ಆದ್ರ ರೆಡ್‌ಹ್ಯಾಟ್ 7ಕ್ಕ 2014ರಾಗ, ಡೆಬಿಯನ್ 8ಕ್ಕ ಮತ್ತ ಉಬುಂಟು 15.04ಕ್ಕ 2015ರಾಗ ಅದ ಡೀಫಾಲ್ಟ್ ಆತು. ಅಂದ್ರ ನಿಮ್ಮ ಲಿನಕ್ಸ್ ಮಷಿನ್‌ನಾಗ ಅದು ಬಹುತೇಕ ಈಗಾಗಲೇ ಓಡಾಕತ್ತೈತಿ, ಹೊಸಾದೇನೂ ಹಾಕೋದಿಲ್ಲ, ಹೆಚ್ಚಿನ ರ್‍ಯಾಮೂ ಇಲ್ಲ, ರೊಕ್ಕಾನೂ ಇಲ್ಲ. ಹತ್ತು ಹನ್ನೆರಡು ಸಾಲಿನ ಒಂದು ಯುನಿಟ್ ಫೈಲ್ (ಏನ್ ಓಡಿಸಬೇಕು, ಹೆಂಗ ಓಡಿಸಬೇಕು ಅನ್ನೋ ಸೆಟ್ಟಿಂಗ್) ಬರದು ಎನೇಬಲ್ ಮಾಡಿದ್ರ ಬೂಟ್ ಆದಾಗ ತಾನ ಏಳತೈತಿ.

ಇದರ ದೊಡ್ಡ ಬಲ ಯಾವುದಂದ್ರ ಕಂಟ್ರೋಲ್ ಗ್ರೂಪ್. ನಿಮ್ಮ ಪ್ರೋಗ್ರಾಮ್ ಹುಟ್ಟಿಸಿದ ಮಕ್ಕಳು ಮೊಮ್ಮಕ್ಕಳು ಎಲ್ಲಾ ಒಂದ ಗುಂಪಿನಾಗ ಇರತಾವು, ನಿಲ್ಲಿಸಿದಾಗ ಇಡೀ ಗುಂಪಿಗೆ ಸಿಗ್‌ಟರ್ಮ್ ಹೋಗತೈತಿ, ಡೀಫಾಲ್ಟ್ 90 ಸೆಕೆಂಡ್ ಕಾದು ಉಳದದ್ದಕ್ಕ ಸಿಗ್‌ಕಿಲ್. ಯಾವುದೂ ತಪ್ಪಿಸಿಕೊಂಡು ಹೋಗಾಕ ಬರಂಗಿಲ್ಲ. ಮೆಮೊರಿಮ್ಯಾಕ್ಸ್ ಅಂತ ಒಂದು ಸಾಲು ಹಾಕಿದ್ರ ಒಂದು ಪ್ರೋಗ್ರಾಮ್ ಉಬ್ಬಿಕೊಂಡು ಇಡೀ ಮಷಿನ್ ಎಳಕೊಂಡು ಬೀಳೋದೂ ತಪ್ಪತೈತಿ.

ಮಂದಿ ಎಲ್ಲಿ ಸಿಕ್ಕಿ ಬೀಳ್ತಾರಂದ್ರ ರೀಸ್ಟಾರ್ಟ್ ಲೆಕ್ಕದಾಗ. ರೀಸ್ಟಾರ್ಟ್ ಸಾಲಿಗೆ ಆನ್-ಫೇಲ್ಯೂರ್ (ಫೇಲ್ ಆಗಿ ಸತ್ರ ಎಬ್ಬಿಸು) ಅಂತ ಬರದು ಖುಷಿ ಆಗಿ ಬಿಟ್ಟಿರ್ತಾರ. ಡೀಫಾಲ್ಟ್ ಲೆಕ್ಕ ಹೆಂಗೈತಂದ್ರ, ಸತ್ತು 100 ಮಿಲಿಸೆಕೆಂಡಿಗೆ ಎಬ್ಬಿಸ್ತೈತಿ, 10 ಸೆಕೆಂಡಿನಾಗ 5 ಸರ್ತಿ ಚಾಲೂ ಮಾಡಿಯೂ ನಿಲ್ಲಲಿಲ್ಲ ಅಂದ್ರ ಫೇಲ್ಡ್ ಅಂತ ಬರದು ಕೈಬಿಡತೈತಿ, ಆಮ್ಯಾಲ ನೀವ ಹೋಗಿ ಎಬ್ಬಿಸಬೇಕು. ಈಗ ಬ್ಯಾಡಗಿಯ ಅಂಗಡಿ ನೆನಸ್ಕೋರಿ. ಕರೆಂಟ್ ಬಂತು, ಮಷಿನ್ ಎದ್ದಿತು, ಬ್ರಾಡ್‌ಬ್ಯಾಂಡ್ ರೌಟರ್ ಇನ್ನೂ ಎರಡು ನಿಮಿಷ ತಗೋತೈತಿ. ಪ್ರೋಗ್ರಾಮ್ ಸರ್ವರ್ ಸಿಗಲಿಲ್ಲ ಅಂತ ಐದು ಸರ್ತಿ ಸತ್ತಿತು, ಸಿಸ್ಟಮ್‌ಡಿ ಸುಮ್ಕ ಕುಂತಿತು, ಆಮ್ಯಾಲ ನೆಟ್ ಬಂದ್ರೂ ತೂಕ ಹೋಗಂಗಿಲ್ಲ. ರೀಸ್ಟಾರ್ಟ್‌ಸೆಕ್ (ಎಬ್ಬಿಸೋಕಿಂತ ಮದಲ ಕಾಯೋ ಸೆಕೆಂಡ್) ಅನ್ನೋದನ್ನ 10 ಅಂತ ಮಾಡಿದ್ರ 10 ಸೆಕೆಂಡಿನಾಗ 5 ಸರ್ತಿ ಆಗೋದ ಇಲ್ಲ, ಹಿಂಗಾಗಿ ಕೈಬಿಡೋ ಮಾತೂ ಇಲ್ಲ. 2023ರಾಗ ಬಂದ 254ನೇ ಆವೃತ್ತಿಯಿಂದ ಈ ಗ್ಯಾಪನ್ನ ಹಂತ ಹಂತವಾಗಿ ಹೆಚ್ಚಿಸೋ ಸೆಟ್ಟಿಂಗೂ ಐತಿ.

ಇನ್ನ ಸಣ್ಣಪುಟ್ಟ ತಕರಾರು. ಸಿಸ್ಟಮ್‌ಡಿ ನಿಮ್ಮ ಬ್ಯಾಶ್‌ಆರ್‌ಸಿ (ಟರ್ಮಿನಲ್ ತೆರೆದಾಗ ಓದೋ ಸೆಟ್ಟಿಂಗ್ ಫೈಲ್) ಓದಂಗಿಲ್ಲ, ಹಂಗಾಗಿ "ಕೈಲೇ ಓಡಿಸಿದ್ರ ಓಡತೈತಿ, ಸರ್ವಿಸ್ ಮಾಡಿದ್ರ ಓಡವಲ್ದು" ಅಂತ ಕೇಳೋರಿಗೆ ಉತ್ತರ ಸಾಮಾನ್ಯ ಇದ, ವರ್ಚುವಲ್ ಎನ್ವಿರಾನ್‌ಮೆಂಟ್ (ಆ ಪ್ರೋಗ್ರಾಮ್‌ಗಂತ ಬ್ಯಾರೆ ಇಟ್ಟ ಪೈಥಾನ್ ಫೋಲ್ಡರ್) ಒಳಗಿನ ಪೈಥಾನ್‌ನ ಪೂರಾ ಪಾತ್ ಕೊಡ್ರಿ. ಪೈಥಾನ್ ಪ್ರಿಂಟ್ ಮಾಡಿದ್ದು ಜರ್ನಲ್‌ನಾಗ (ಸಿಸ್ಟಮ್‌ಡಿಯ ಲಾಗ್) ಲಗೂನ ಕಾಣಂಗಿಲ್ಲ, ಯಾಕಂದ್ರ ಟರ್ಮಿನಲ್ ಇಲ್ಲದಾಗ ಅದು ಬಫರ್ ತುಂಬೋ ತನಕ ಹಿಡದಿಟ್ಕೋತೈತಿ, ಮೈನಸ್-ಯು ಹಾಕಿ ಓಡಿಸ್ರಿ. ಸೀರಿಯಲ್ ಪೋರ್ಟ್ ಓದೋರು ಸರ್ವಿಸ್‌ನ ಯೂಸರ್ ಪೋರ್ಟ್ ಮುಟ್ಟಾಕ ಪರವಾನಗಿ ಇರೋ ಡಯಲ್‌ಔಟ್ ಗ್ರೂಪ್‌ನಾಗ ಇದ್ದಾನೋ ಇಲ್ಲೋ ನೋಡ್ಕೋರಿ, ಮತ್ತ ಪೋರ್ಟಿನ ಹೆಸರು ಟಿಟಿವೈ-ಯುಎಸ್‌ಬಿ-ಸೊನ್ನೆ ಅಂತ ಬರೀಬ್ಯಾಡ್ರಿ, ಕೇಬಲ್ ಕಿತ್ತು ಹಚ್ಚಿದ್ರ ಆ ಸೊನ್ನೆ ಒಂದು ಆಗಿರತೈತಿ, ಬೈ-ಐಡಿ ಫೋಲ್ಡರ್‌ನಾಗಿನ ಹೆಸರು ಕೊಡ್ರಿ.

ಜೀವ ಐತಿ ಆದ್ರ ಕೆಲಸ ಮಾಡವಲ್ದು ಅನ್ನೋ ಪರಿಸ್ಥಿತಿಗೂ ಇದರಾಗ ದಾರಿ ಐತಿ. ವಾಚ್‌ಡಾಗ್‌ಸೆಕ್ ಅಂತ ಹಾಕಿದ್ರ ನಿಮ್ಮ ಪ್ರೋಗ್ರಾಮ್ ಇಷ್ಟಿಷ್ಟು ಸೆಕೆಂಡಿಗೆ "ನಾ ಅದೀನಿ" ಅಂತ ಒಂದು ಮೆಸೇಜ್ ಕಳಸ್ತಿರಬೇಕು, ಕಳಿಸಲಿಲ್ಲಂದ್ರ ಹೊಡದು ಎಬ್ಬಿಸ್ತೈತಿ. ನಿಮ್ಮ ಕೋಡ್‌ನಾಗ ನಾಕು ಸಾಲು ಕೂಡಿಸಬೇಕಷ್ಟ.

ಸೂಪರ್‌ವೈಸರ್

ಇದೂ ಒಂದು ಪ್ರೊಸೆಸ್ ಮ್ಯಾನೇಜರ್, 2004ರಿಂದ ಐತಿ, ಪೈಥಾನ್‌ನಾಗ ಬರದದ್ದು, ಪೈಥಾನ್ 3ಕ್ಕ ಬಂದದ್ದು 2019ರ ನಾಕನೇ ಆವೃತ್ತಿಯಿಂದ. ಕಾನ್ಫಿಗ್ ಓದಾಕ ಭಾಳ ಸರಳ, ಮ್ಯಾಕ್‌ನಾಗೂ ಓಡತೈತಿ, ರೂಟ್ ಇಲ್ಲದನೂ ಪಿಪ್‌ಲೇ (ಪೈಥಾನ್ ಪ್ಯಾಕೇಜ್ ಹಾಕೋ ಕಮಾಂಡ್) ಹಾಕಾಕ ಬರತೈತಿ. ಲಾಗನ್ನ 50 ಎಂಬಿಗೆ ಕತ್ತರಿಸಿ 10 ಹಳೇ ಫೈಲ್ ಇಡೋದು ಡೀಫಾಲ್ಟ್ ಇರೋದ್ರಿಂದ ಡಿಸ್ಕ್ ಚಿಂತಿ ಕಡಿಮಿ. ಆದ್ರ ಒಂದು ಸೆಕೆಂಡ್ ನಿಲ್ಲದ ಸತ್ರ ಚಾಲೂ ಆಗಲಿಲ್ಲ ಅಂತ ಲೆಕ್ಕ ಹಿಡದು 3 ಸರ್ತಿ ಹೊಳ್ಳಿ ಪ್ರಯತ್ನ ಮಾಡಿ ಫೇಟಲ್ ಅಂತ ಕುಂಡ್ರತೈತಿ, ಸ್ಟಾರ್ಟ್‌ರೀಟ್ರೈಸ್ ಹೆಚ್ಚಿಸಲೇಬೇಕು. ನಿಲ್ಲಿಸುವಾಗ ಮಕ್ಕಳ ಪ್ರೊಸೆಸ್‌ಗಳಿಗೂ ಸಿಗ್ನಲ್ ಹೋಗಬೇಕಂದ್ರ ಸ್ಟಾಪ್‌ಆ್ಯಸ್‌ಗ್ರೂಪ್ ಅನ್ನೋದನ್ನ ನೀವ ಟ್ರೂ ಮಾಡಬೇಕು, ತಾನ ಇರಂಗಿಲ್ಲ. ವೆಬ್ ಪೇಜ್ ಒಂದು ಕೊಡತೈತಿ, ಬಟನ್ ಒತ್ತಿ ಚಾಲೂ ಬಂದ್ ಮಾಡಾಕ ಬರತೈತಿ, ಅಂಗಡಿ ಮಂದಿಗೆ ಅದು ಇಷ್ಟ ಆಗತೈತಿ ಖರೆ, ಆದ್ರ ಪಾಸ್‌ವರ್ಡ್ ಇಲ್ಲದ ಅದನ್ನ ಇಂಟರ್ನೆಟ್‌ಗೆ ತೆರೆದಿಡಬ್ಯಾಡ್ರಿ, ಅದರ ಒಳಗಿನ ಎಕ್ಸ್‌ಎಂಎಲ್-ಆರ್‌ಪಿಸಿ (ದೂರದಿಂದ ಹುಕುಂ ಕೊಡೋ) ದಾರಿಯಿಂದ ಸರ್ವರ್ ಮ್ಯಾಲ ಕಮಾಂಡ್ ಓಡಿಸಬಹುದಾದ ಒಂದು ದೋಷ 2017ರಾಗ ಹೊರಗ ಬಂದಿತ್ತು, ತಿದ್ಯಾರ, ಆದ್ರೂ.

ನನ್ನ ತಕರಾರು ಇಷ್ಟ: ಬೂಟ್ ಆದಾಗ ಸೂಪರ್‌ವೈಸರ್‌ನ ಎಬ್ಬಿಸೋರು ಯಾರು? ಸಿಸ್ಟಮ್‌ಡಿನ. ಹಂಗಿದ್ರ ನಡುವ ಇದೊಂದು ಯಾಕ? ಹಳೇ ಸರ್ವರ್‌ನಾಗ ಈಗಾಗಲೇ ಇದ್ರ ಕೀಳಬ್ಯಾಡ್ರಿ, ಹೊಸಾದಕ್ಕ ನಾ ಹಾಕಂಗಿಲ್ಲ.

ಪಿಎಂ2

ನೋಡ್ ಮಂದಿ ಬಳಸೋ ಈ ಪ್ರೊಸೆಸ್ ಮ್ಯಾನೇಜರ್ ಗೋಕುಲ ರೋಡಿನ ಹುಡುಗರಿಗೆ ಮದಲ ಗೊತ್ತಿರತೈತಿ, ನೋಡ್ ಕಲಿಸೋ ಎಲ್ಲಾ ವಿಡಿಯೋದಾಗೂ ಇದ ಬರತೈತಿ. ಒಂದ ಕಮಾಂಡ್‌ಗೆ ಚಾಲೂ, ಕ್ಲಸ್ಟರ್ ಮೋಡ್‌ನಾಗ ಪ್ರತಿ ಸಿಪಿಯು ಕೋರ್‌ಗೆ ಒಂದು ಕಾಪಿ, ಹೊಸ ಕೋಡ್ ಹಾಕುವಾಗ ಒಂದೊಂದೇ ಕಾಪಿ ಬದಲಿಸಿ ಗಿರಾಕಿಗೆ ಗೊತ್ತಾಗದಂಗ ರೀಲೋಡ್. ನೋಡ್ ಎಪಿಐ ನಡೆಸೋರಿಗೆ ಈ ರೀಲೋಡ್ ಒಂದಕ್ಕರ ಇದನ್ನ ಇಟ್ಕೊಳ್ಳಬಹುದು. ಬದಲಿಗೆ ಏನ್ ಕೊಡ್ತೀರಂದ್ರ, ಪಿಎಂ2 ತಾನೂ ಒಂದು ನೋಡ್ ಪ್ರೊಸೆಸ್, ಒಂದ ಜಿಬಿ ಮಷಿನ್‌ನಾಗ ಅದರ ಪಾಲೂ ಹೋಗತೈತಿ. ಲಾಗ್ ತಾನ ಕತ್ತರಿಸಂಗಿಲ್ಲ, ಲಾಗ್‌ರೊಟೇಟ್ ಮಾಡ್ಯೂಲ್ ಬ್ಯಾರೆ ಹಾಕಬೇಕು, ಹಾಕಲಿಲ್ಲಂದ್ರ ಒಂದಿನ ಡಿಸ್ಕ್ ತುಂಬಿ ಡೇಟಾಬೇಸೂ ನಿಲ್ತೈತಿ. ರೀಬೂಟ್‌ಗೆ ಪಿಎಂ2 ಸ್ಟಾರ್ಟಪ್, ಆಮ್ಯಾಲ ಪಿಎಂ2 ಸೇವ್, ಎರಡೂ ಬೇಕು, ಹೊಸ ಆ್ಯಪ್ ಕೂಡಿಸಿದಾಗೆಲ್ಲಾ ಸೇವ್ ಹೊಳ್ಳಿ ಮಾಡಬೇಕು. ನಿಲ್ಲಿಸುವಾಗ ಡೀಫಾಲ್ಟ್ 1.6 ಸೆಕೆಂಡ್ ಅಷ್ಟ ಕಾಯ್ತೈತಿ, ಪೇಮೆಂಟ್ ನಡುವಿದ್ದ ರಿಕ್ವೆಸ್ಟ್‌ಗೆ ಅದು ಸಾಲಂಗಿಲ್ಲ, ಕಿಲ್-ಟೈಮ್‌ಔಟ್ ಹೆಚ್ಚಿಸ್ರಿ. ಪೈಥಾನ್ ಪ್ರೋಗ್ರಾಮೂ ಓಡಿಸಾಕ ಬರತೈತಿ, ಆದ್ರ ಅದಕ್ಕಂತ ನೋಡ್ ಹಾಕೋದು ನನಗ ಒಪ್ಪಿಗಿ ಇಲ್ಲ.

ಡಾಕರ್

ಡಾಕರ್ ಅಂದ್ರ ಪ್ರೋಗ್ರಾಮನ್ನ ಅದಕ್ಕ ಬೇಕಾದ ಫೈಲ್‌ಗಳ ಜೊತಿಗೆ ಕಂಟೇನರ್ ಅನ್ನೋ ಡಬ್ಬಿಯಾಗಿಟ್ಟು ಓಡಿಸೋದು. ಈಗಾಗಲೇ ನಿಮ್ಮದೆಲ್ಲಾ ಡಾಕರ್‌ನಾಗಿದ್ರ ರೀಸ್ಟಾರ್ಟ್ ಪಾಲಿಸಿಗೆ ಅನ್‌ಲೆಸ್-ಸ್ಟಾಪ್ಡ್ ಹಾಕ್ರಿ, ಮುಗೀತು. ಎಬ್ಬಿಸೋ ಗ್ಯಾಪ್ 100 ಮಿಲಿಸೆಕೆಂಡಿನಿಂದ ದುಪ್ಪಟ್ಟು ಆಗ್ತಾ ಒಂದು ನಿಮಿಷದ ತನಕ ಹೋಗತೈತಿ, ಅಂದ್ರ ರೌಟರ್ ತಡ ಆದ ತೊಂದರಿ ಇಲ್ಲಿ ತಾನ ಬಗೆಹರೀತೈತಿ, ಇದು ಚಲೋ. ಆದ್ರ ಹೆಲ್ತ್‌ಚೆಕ್ (ಕೆಲಸ ಮಾಡಾಕತ್ತೈತೇನು ಅನ್ನೋ ತಪಾಸಣಿ) ಅನ್‌ಹೆಲ್ದಿ ಅಂತ ತೋರಿಸಿದ್ರೂ ಬರೇ ಡಾಕರ್ ಅದನ್ನ ಎಬ್ಬಿಸಂಗಿಲ್ಲ, ಪ್ರೊಸೆಸ್ ಸತ್ರ ಮಾತ್ರ. ಲಾಗ್‌ಗೆ ಡೀಫಾಲ್ಟ್ ಮಿತಿ ಇಲ್ಲ, ಮ್ಯಾಕ್ಸ್-ಸೈಜ್ ಕೊಡ್ರಿ. ಕಂಟೇನರ್ ಒಳಗ ನಿಮ್ಮ ಪ್ರೋಗ್ರಾಮ್ ಒಂದನೇ ನಂಬರಿನ ಪ್ರೊಸೆಸ್ ಆಗೋದ್ರಿಂದ ಸತ್ತ ಮಕ್ಕಳನ್ನ ಎತ್ತೋ ಕೆಲಸಾನೂ ಅದರ ತಲಿ ಮ್ಯಾಲ ಬರತೈತಿ, ಇನಿಟ್ ಆಪ್ಶನ್ ಹಚ್ಚಿದ್ರ ಅದು ತಪ್ಪತೈತಿ. ಇನ್ನ ಒಂದ ಒಂದು ಪೈಥಾನ್ ಸ್ಕ್ರಿಪ್ಟ್ ಸಾಯ್ತೈತಿ ಅಂತ ಹೊಸದಾಗಿ ಡಾಕರ್ ಹಾಕೋದು ಇಲಿ ಹೊಡಿಯಾಕ ಮನಿಗೆ ಬೆಂಕಿ ಹಚ್ಚಿದಂಗ.

ನೀವ ಬರದ್ರ

ಈಗ ಮುಖ್ಯ ಮಾತು. ಲೂಪ್‌ನಾಗ ಸಬ್‌ಪ್ರೊಸೆಸ್ ಚಾಲೂ ಮಾಡಿ, ಸತ್ರ ಹೊಳ್ಳಿ ಚಾಲೂ ಮಾಡೋದು ಇಪ್ಪತ್ತು ಸಾಲಿನ ಕೆಲಸ, ಸಂಜಿಕ್ ಕುಂತ್ರ ರಾತ್ರಿ ಊಟಕ್ಕ ಮುಗೀತೈತಿ. ಅದರ ಮುಂದಿಂದ ಯಾವುದು ಅಂತ ಹೇಳ್ತೀನಿ.

ಸತ್ತ ಮಗನ ಲೆಕ್ಕ ತಂದಿ ತಗೋಬೇಕು, ಅದಕ್ಕಂತ ಇರೋ ವೇಟ್‌ಪಿಡ್ ಕರೀಲಿಲ್ಲಂದ್ರ ಅದು ಜೋಂಬಿ ಆಗಿ ಪ್ರೊಸೆಸ್ ಟೇಬಲ್‌ನಾಗ ಉಳೀತೈತಿ. ಮೂರು ಮಕ್ಕಳು ಒಟ್ಟಿಗೆ ಸತ್ರ ಸಿಗ್‌ಚೈಲ್ಡ್ (ಮಗ ಸತ್ತ ಅಂತ ಹೇಳೋ ಸಿಗ್ನಲ್) ಒಂದ ಸರ್ತಿ ಬರಬಹುದು, ಇಂಥಾ ಸಿಗ್ನಲ್‌ಗಳು ಸಾಲಿನಾಗ ನಿಲ್ಲಂಗಿಲ್ಲ, ಹಂಗಾಗಿ ಇನ್ನ ಯಾರೂ ಇಲ್ಲ ಅನ್ನೋತನಕ ಲೂಪ್‌ನಾಗ ವೇಟ್‌ಪಿಡ್ ಕರೀಬೇಕು. ಮಗನ ಔಟ್‌ಪುಟ್‌ಗೆ ಪೈಪ್ (ಒಂದು ಪ್ರೊಸೆಸ್ ಬರದದ್ದನ್ನ ಇನ್ನೊಂದಕ್ಕ ಮುಟ್ಟಿಸೋದು) ಹಚ್ಚಿ ಓದೋದು ಮರತ್ರ, ಲಿನಕ್ಸ್‌ನಾಗ ಪೈಪ್ ಸಾಮಾನ್ಯ 64 ಕೆಬಿ ಹಿಡೀತೈತಿ, ಅದು ತುಂಬಿದಮ್ಯಾಲ ಮಗ ಬರೆಯಾಕ ಹೋಗಿ ಅಲ್ಲೇ ನಿಂತುಬಿಡತಾನ, ಸಾಯಂಗಿಲ್ಲ, ಎರರ್ ಇಲ್ಲ, ಎಫ್‌ಎಫ್‌ಎಂಪೆಗ್ ಭಾಳ ಮಾತಾಡೋದರಿಂದ ಅದರ ಜೊತಿಗೆ ಇದು ಲಗೂನ ಆಗತೈತಿ, ಸಿಸಿಟಿವಿ ಅಣ್ಣಾರು ಇದನ್ನ ಗಟ್ಟಿ ನೆನಪಿಡ್ರಿ. ನಿಲ್ಲಿಸಾಕ ಪ್ರತಿ ಮಗನ್ನ ಬ್ಯಾರೆ ಪ್ರೊಸೆಸ್ ಗ್ರೂಪ್‌ನಾಗ ಹುಟ್ಟಿಸಿ ಇಡೀ ಗ್ರೂಪ್‌ಗೆ ಸಿಗ್ನಲ್ ಕಳಿಸಬೇಕು, ಪೈಥಾನ್‌ನಾಗ ಸ್ಟಾರ್ಟ್-ನ್ಯೂ-ಸೆಷನ್ ಟ್ರೂ ಅಂತ ಕೊಟ್ಟರ ಸಾಕು. ಪಿಐಡಿ ನಂಬರ್ ಫೈಲ್‌ನಾಗ ಬರದಿಟ್ಟು ಆಮ್ಯಾಲ ಕಿಲ್ ಮಾಡಿದ್ರ ಬ್ಯಾರೆಯವನನ್ನ ಹೊಡೀಬಹುದು, ಇದಕ್ಕಂತ 2019ರಾಗ ಲಿನಕ್ಸ್‌ನಾಗ ಪಿಐಡಿ-ಎಫ್‌ಡಿ ಅಂತ ಬಂತು, ನಂಬರ್ ಬದಲಿ ಆ ಪ್ರೊಸೆಸ್‌ದ ಹಿಡಿಕಿ ನಿಮ್ಮ ಕೈಯಾಗ ಇರತೈತಿ.

ಇಷ್ಟೆಲ್ಲಾ ಬರದಮ್ಯಾಲ ಉಳಿಯೋ ಪ್ರಶ್ನೆ, ನಿಮ್ಮ ಮ್ಯಾನೇಜರ್ ಸತ್ರ? ಮಕ್ಕಳು ಅನಾಥ ಆಗಿ ಓಡ್ತಾನ ಇರತಾವು, ಮ್ಯಾನೇಜರ್ ಹೊಳ್ಳಿ ಎದ್ದಾಗ ಅದಕ್ಕ ಅವರ ಸುದ್ದಿ ಗೊತ್ತಿಲ್ಲ, ಹೊಸಾ ಮಕ್ಕಳನ್ನ ಹುಟ್ಟಿಸ್ತೈತಿ, ಈಗ ಒಂದ ಕ್ಯಾಮೆರಾಕ್ಕ ಇಬ್ಬರು. ಅದಕ್ಕ ನಿಮ್ಮ ಮ್ಯಾನೇಜರ್‌ನ ಸಿಸ್ಟಮ್‌ಡಿ ಕೆಳಗ ಓಡಿಸ್ರಿ, ಮ್ಯಾನೇಜರ್ ಸತ್ರ ಗುಂಪಿನಾಗಿನ ಮಕ್ಕಳನ್ನ ಅದ ಗುಡಿಸಿ ಹಾಕತೈತಿ. ಹಂಗ ಓಡಿಸುವಾಗ ಪುಸ್ತಕದಾಗ ಇರೋ ಎರಡು ಸರ್ತಿ ಫೋರ್ಕ್ ಮಾಡಿ (ತನ್ನ ಕಾಪಿ ಹುಟ್ಟಿಸಿ) ಬ್ಯಾಕ್‌ಗ್ರೌಂಡ್‌ಗೆ ಹಿಂದ ಸರಿಯೋ ಪದ್ಧತಿ ಬ್ಯಾಡ, ಮುಂದ ನಿಂತ ಓಡ್ರಿ.

ಇದಕ್ಕಿಂತ ಚಲೋ ಒಂದು ನಡುವಿನ ದಾರಿ ಐತಿ, ಭಾಳ ಮಂದಿಗೆ ಗೊತ್ತಿಲ್ಲ. ಸಿಸ್ಟಮ್‌ಡಿಯೊಳಗ ಟೆಂಪ್ಲೇಟ್ ಯುನಿಟ್ ಅಂತ ಇರತೈತಿ, ಹೆಸರಿನಾಗ ಒಂದು ಆ್ಯಟ್ ಚಿಹ್ನೆ, ಒಂದ ಫೈಲ್ ಬರದ್ರ ಕ್ಯಾಮೆರಾ@1, ಕ್ಯಾಮೆರಾ@2 ಅಂತ ಎಷ್ಟು ಬೇಕಾದಷ್ಟು ಎಬ್ಬಿಸಬಹುದು. ನಿಮ್ಮ ವೆಬ್ ಪೇಜ್‌ನಾಗ ಕ್ಯಾಮೆರಾ ಕೂಡಿಸಿದಾಗ ನಿಮ್ಮ ಕೋಡ್ ಸಿಸ್ಟಮ್‌ಸಿಟಿಎಲ್‌ಗೆ (ಸಿಸ್ಟಮ್‌ಡಿಗೆ ಹುಕುಂ ಕೊಡೋ ಕಮಾಂಡ್) ಕ್ಯಾಮೆರಾ@7 ಎನೇಬಲ್ ಮಾಡಿ ಚಾಲೂ ಮಾಡು ಅಂತ ಹೇಳಬೇಕಷ್ಟ. ಜೋಂಬಿ, ಪೈಪ್, ಲಾಗ್, ಎಬ್ಬಿಸೋದು ಯಾವುದೂ ನಿಮ್ಮ ತಲಿಗಿಲ್ಲ. ವೆಬ್ ಆ್ಯಪ್‌ಗೆ ರೂಟ್ ಕೊಡಾಕ ಅಂಜಿಕಿ ಇದ್ರ ಯೂಸರ್ ಸರ್ವಿಸ್ (ರೂಟ್ ಇಲ್ಲದ ಸಾದಾ ಯೂಸರ್‌ನ ಹೆಸರಿನಾಗ ಓಡೋದು) ಮಾಡ್ರಿ, ಲಾಗಿನ್‌ಸಿಟಿಎಲ್‌ನಾಗ ಲಿಂಗರ್ ಎನೇಬಲ್ ಮಾಡಿದ್ರ ಲಾಗಿನ್ ಇಲ್ಲದನೂ ಓಡತಾವು. ಒಮ್ಮೆ ಓಡಿ ಮುಗಿಯೋ ಜಾಬ್‌ಗಳಿಗೆ ಸಿಸ್ಟಮ್‌ಡಿ-ರನ್ ಐತಿ, ಫೈಲೂ ಬ್ಯಾಡ.

ವಿಂಡೋಸ್ ಇದ್ದವರಿಗೆ

ಗದಗಿನವರೇ, ನಿಮ್ಮ ಫೋಲ್ಡರ್ ನೋಡೋ ಪ್ರೋಗ್ರಾಮ್‌ಗೆ ಕಿಟಕಿ ಐತೇನು ಇಲ್ಲೇನು ಅನ್ನೋದ ಮದಲ ಪ್ರಶ್ನೆ. ವಿಸ್ತಾದಿಂದ ಈಚೆ ವಿಂಡೋಸ್ ಸರ್ವಿಸ್‌ಗಳು ಬ್ಯಾರೆ ಸೆಷನ್‌ನಾಗ ಓಡತಾವು, ಅವುಗಳ ಕಿಟಕಿ ನಿಮಗ ಕಾಣಂಗಿಲ್ಲ. ಕಿಟಕಿ ಬೇಕಂದ್ರ ಟಾಸ್ಕ್ ಶೆಡ್ಯೂಲರ್‌ನಾಗ ಲಾಗಿನ್ ಆದಕೂಡ್ಲೇ ಓಡು, ಆಮ್ಯಾಲ ನಿಮಿಷಕ್ಕೊಮ್ಮೆ ಓಡಿಸಿ ನೋಡು, ಈಗಾಗಲೇ ಓಡಾಕತ್ತಿದ್ರ ಹೊಸಾದು ಬ್ಯಾಡ ಅಂತ ಹಾಕ್ರಿ, ಖರ್ಚಿಲ್ಲ. ಕಿಟಕಿ ಬ್ಯಾಡಂದ್ರ ಎನ್‌ಎಸ್‌ಎಸ್‌ಎಂ ಅನ್ನೋ ಪುಗಸೆಟ್ಟೆ ಸಾಧನ ಯಾವ ಪ್ರೋಗ್ರಾಮನ್ನೂ ಸರ್ವಿಸ್ ಮಾಡತೈತಿ. ಅದರ 2.24 ಆವೃತ್ತಿ 2014ರದು, ಹಳೇದು, ಆದ್ರೂ ಮಂದಿ ಈಗೂ ಬಳಸ್ತಾರ.

ಹಂಗಾದ್ರ ಯಾರು ಏನ್ ಹಾಕಬೇಕು

ಬ್ಯಾಡಗಿಯವರು ಸಿಸ್ಟಮ್‌ಡಿ, ರೀಸ್ಟಾರ್ಟ್‌ಸೆಕ್ 10, ವಾಚ್‌ಡಾಗ್ ಕೂಡ ಹಾಕ್ರಿ, ಯಾಕಂದ್ರ ಸೀರಿಯಲ್ ಪೋರ್ಟ್ ಓದುವಾಗ ಸಾಯೋದಕ್ಕಿಂತ ಸಿಕ್ಕಿಹಾಕೊಳ್ಳೋದ ಹೆಚ್ಚು. ಗೋಕುಲ ರೋಡಿನವರಿಗೆ ಡೆಪ್ಲಾಯ್ (ಹೊಸ ಕೋಡ್ ಹಾಕೋದು) ದಿನಾ ನಡೀತಿದ್ರ ಪಿಎಂ2, ತಿಂಗಳಿಗೊಮ್ಮೆ ಆದ್ರ ಸಿಸ್ಟಮ್‌ಡಿ ಹಾಕಿ ಆ ರ್‍ಯಾಮ್ ಉಳಿಸ್ರಿ. ಸಿಸಿಟಿವಿ ಅಣ್ಣಾರಿಗೆ ಟೆಂಪ್ಲೇಟ್ ಯುನಿಟ್, ಬ್ಯಾರೆ ಮಾತ ಇಲ್ಲ. ಕಾಲೇಜ್ ಹುಡುಗರು ನೀವ ಬರೀರಿ, ಪೂರಾ ಬರೀರಿ, ಸಿ ಒಳಗ ಬರದ್ರ ಇನ್ನೂ ಚಲೋ, ಸಿಗ್ನಲ್, ಫೋರ್ಕ್, ಪೈಪ್ ಕಲಿಯಾಕ ಇದಕ್ಕಿಂತ ಚಲೋ ಪ್ರಾಜೆಕ್ಟ್ ನಾ ಕಂಡಿಲ್ಲ, ಮ್ಯಾಲ ಹೇಳಿದ ಒಂದೊಂದು ತೊಂದರಿನೂ ಡೆಮೊದಾಗ ಮಾಡಿ ತೋರಿಸ್ರಿ, ಆದ್ರ ಅದನ್ನ ಒಯ್ದು ಯಾರದರ ಅಂಗಡಿಯಾಗ ಕುಂಡ್ರಿಸಬ್ಯಾಡ್ರಿ.

ಯಾವುದನ್ನ ಹಾಕಿದ್ರೂ ಒಪ್ಪಿಸೋಕಿಂತ ಮದಲ ಮಾಲಕರ ಎದುರಿಗೆ ಕಿಲ್ ಮೈನಸ್ 9 (ಸಿಗ್‌ಕಿಲ್ ಕಳಿಸೋ ಕಮಾಂಡ್) ಹೊಡದು ನೋಡ್ರಿ, ನೆಟ್ ಕೇಬಲ್ ಐದು ನಿಮಿಷ ಕಿತ್ತಿಟ್ಟು ನೋಡ್ರಿ, ಆಮ್ಯಾಲ ಡೇಟಾ ಬ್ಯಾಕಪ್ ಐತಿ ಅಂತ ಖಾತ್ರಿ ಮಾಡ್ಕೊಂಡು ಪ್ಲಗ್ಗನ ಎಳದು ಹಚ್ರಿ. ಕೀಬೋರ್ಡ್ ಮುಟ್ಟದ ಮೂರೂ ಸರ್ತಿ ತಾನ ಎದ್ದು ಕೆಲಸಕ್ಕ ಹತ್ತಿದ್ರ, ಸರ್ವಿಸ್‌ನ ಹೆಸರು ಮತ್ತ ಲಾಗ್ ನೋಡೋ ಕಮಾಂಡ್ ಒಂದು ಚೀಟಿ ಮ್ಯಾಲ ಬರದು ಮಾನಿಟರ್‌ಗೆ ಅಂಟಿಸಿ ಬರ್ರಿ.